ರಫೇಲನ ಪುಟ್ಟ ಚಿತ್ರ ರಷ್ಯಾ ಸುತ್ತಿ ವಾಷಿಂಗ್ಟನ್‌ಗೆ ಬಂದದ್ದು ಹೇಗೆ?

ಕಾಫಿಪುಡಿ:
ಊರಿಂದ ಬಂದಿರುವ ಅಮ್ಮನನ್ನು ಭಾನುವಾರ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ರಫೇಲನ ‘ಸಂತ ಜಾರ್ಜ್ ಮತ್ತು ಡ್ರ್ಯಾಗನ್’ ಇದೆ. ಶಾಲೆಯ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೊದಲು ಇದು ರಷ್ಯಾದ ಪೀಟರ್ಸ್‌ಬರ್ಗ್‌ನ ಅರಮನೆ ಮ್ಯೂಸಿಯಂ ಹರ್ಮಿಟೇಜ್‌ನಲ್ಲಿತ್ತು ಅಂತ ದೊಡ್ಡದಾಗಿ ಹೇಳಿದೆ. “ಇಟಲಿಯವನು ಬರೆದದ್ದು ರಷ್ಯಾದವರಿಗೆ ಯಾಕೆ ಬೇಕಿತ್ತು? ಬೇಕಿದ್ದರೆ ಮತ್ತೆ ಮಾರಿದ್ದು ಯಾಕೆ?” ಅಂದರು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಗೊತ್ತಿರುವವರು ಹೇಳುತ್ತೀರಾ?

ಗೋಡೆಹಲ್ಲಿ:
ಮೊದಲ ಪ್ರಶ್ನೆಗೆ ಉತ್ತರ ಜಂಬ. ಜೊತೆಗೆ ಒಂದು ಸಾಲದ ಕಥೆ. ಪ್ರಷ್ಯಾದ ದೊರೆ ಫ್ರೆಡರಿಕ್‌ಗೆಂದು ಬರ್ಲಿನ್‌ನ ವ್ಯಾಪಾರಿ ಗೊಟ್ಸ್‌ಕೋವ್‌ಸ್ಕಿ ಚಿತ್ರಗಳನ್ನು ಕೂಡಿಹಾಕಿದ್ದ. ಏಳು ವರ್ಷದ ಯುದ್ಧ ಮುಗಿಯುವಷ್ಟರಲ್ಲಿ ದೊರೆಯ ಕೈ ಖಾಲಿ. ವ್ಯಾಪಾರಿಯೋ ರಷ್ಯಾ ಸೇನೆಯ ದವಸ ಕೊಂಡು ಕೈಸುಟ್ಟುಕೊಂಡಿದ್ದ. 1764ರಲ್ಲಿ ಸಾಲದ ಬಾಬ್ತಿಗೆ ಚಿತ್ರಗಳನ್ನೇ ರಷ್ಯಾದ ರಾಣಿ ಕ್ಯಾಥರೀನ್‌ಗೆ ಒಪ್ಪಿಸಿದ. ಗಂಡನನ್ನು ಇಳಿಸಿ ಅವಳು ಪಟ್ಟಕ್ಕೆ ಬಂದು ಆಗಿನ್ನೂ ಎರಡೇ ವರ್ಷ. ಫ್ರೆಡರಿಕ್ ಕೈಲಾಗದ್ದನ್ನು ನಾನು ಕೊಂಡೆ ಅಂತ ಯೂರೋಪಿಗೆಲ್ಲ ತೋರಿಸಿಕೊಳ್ಳಲು ಇನ್ನೇನು ಬೇಕು?

ನಿಮ್ಮ ಜಾರ್ಜ್ ಬಂದದ್ದು 1772ರಲ್ಲಿ, ಪ್ಯಾರಿಸ್‌ನ ಕ್ರೋಜಾ ಮನೆತನದ ಸಂಗ್ರಹದ ಜೊತೆ. ಮಧ್ಯೆ ನಿಂತು ವ್ಯಾಪಾರ ಕುದುರಿಸಿದವನು ಫ್ರೆಂಚ್ ಲೇಖಕ ಡಿಡೆರೊ. ಒಳ್ಳೊಳ್ಳೆ ಚಿತ್ರಗಳನ್ನೆಲ್ಲ ಊರು ಬಿಡಿಸಿದ ಅಂತ ಪ್ಯಾರಿಸ್‌ನವರು ಅವನಿಗೆ ಚೆನ್ನಾಗಿ ಬೈದರು. ದಲ್ಲಾಳಿಗೆ ಎಲ್ಲ ಊರಲ್ಲೂ ಇದೇ ಗತಿ, ಅಲ್ವಾ?

ಉಪ್ಪುನೀರು:
ಬಂದು ಮುಟ್ಟದ ಚಿತ್ರಗಳೂ ಇವೆ. 1771ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿನಲ್ಲಿ ರಾಣಿಗಾಗಿ ಕೊಂಡ ಡಚ್ ಚಿತ್ರಗಳನ್ನು ‘ಫ್ರೌ ಮರಿಯಾ’ ಹಡಗಿಗೆ ಹಾಕಿದರು. ಅದು ಫಿನ್ಲೆಂಡ್ ಹತ್ತಿರ ಬಂಡೆಗೆ ಬಡಿದು ಮುಳುಗಿತು. 1999ರಲ್ಲಿ ಹಡಗು ಸಿಕ್ಕಿತು, ಸುಮಾರು 41 ಮೀಟರ್ ಆಳದಲ್ಲಿ. ಚಿತ್ರಗಳು ಮಾತ್ರ ಮೇಲೆ ಬರಲಿಲ್ಲ.

ಗೋಡೆಹಲ್ಲಿ:
ಇನ್ನು ಎರಡನೇ ಪ್ರಶ್ನೆ. ಮಾರಿದ್ದು ದುಡ್ಡಿಗೆ. ಸೋವಿಯತ್ ಸರ್ಕಾರಕ್ಕೆ ವಿದೇಶಿ ಹಣ ಬೇಕಿತ್ತು. 1930–31ರಲ್ಲಿ ಗುಟ್ಟಾಗಿ 21 ಚಿತ್ರ ಕೊಂಡವನು ಆಂಡ್ರ್ಯೂ ಮೆಲನ್, ಆಗ ಅಮೆರಿಕದ ಖಜಾನೆ ಮಂತ್ರಿ! ಆಮೇಲೆ ಅವನ್ನು ದೇಶಕ್ಕೇ ಕೊಟ್ಟ. ನೀವು ಹೋದ ಗ್ಯಾಲರಿ ಶುರುವಾದದ್ದು ಅವನ ಆ ಸಂಗ್ರಹದಿಂದಲೇ.

ಕಾಫಿಪುಡಿ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಈಗ ಹೊಸ ಪ್ರಶ್ನೆ: “ಆ ರಾಣಿ ಅಷ್ಟೊಂದು ತಂದು ಯಾರಿಗೆ ತೋರಿಸಿದಳಂತೆ?”

ಗೋಡೆಹಲ್ಲಿ:
ಇಲಿಗಳಿಗೆ. ಇದನ್ನೆಲ್ಲ ನೋಡಿ ಮೆಚ್ಚುವವರು ನಾನು ಮತ್ತು ಇಲಿಗಳು ಮಾತ್ರ ಅಂತ ಗೆಳೆಯ ಗ್ರಿಮ್‌ಗೆ ಅವಳೇ ಬರೆದಿದ್ದಾಳೆ. ಹರ್ಮಿಟೇಜ್ ಜನರಿಗೆ ಬಾಗಿಲು ತೆರೆದದ್ದು 1852ರಲ್ಲಿ, ಮೊಮ್ಮಗ ನಿಕೊಲಸ್‌ನ ಕಾಲಕ್ಕೆ.