ಪದಚರ್ಚೆ: ಕಡಲಾಮೆ ಮೊಟ್ಟೆಯ ‘ಪಿವೋಟಲ್ ಟೆಂಪರೇಚರ್’ಗೆ ಏನನ್ನೋಣ? (ತುರ್ತು, ಬೋರ್ಡಿಗೆ)

ಕೇಳಿಕೆ (ಹೊನ್ನಾವರ)

ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆಗಳಿಗೆ ಬೇಲಿ ಹಾಕಿದ ಜಾಗದಲ್ಲಿ ನಿಲ್ಲಿಸುವ ಬೋರ್ಡಿಗೆ ಪಠ್ಯ ಬೇಕು. ತಗಡು ಆರಡಿ ನಾಲ್ಕಡಿ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು. ತೊಡಕಾಗಿರುವ ಮಾತು ಮೂರು. ಟೆಂಪರೇಚರ್ ಡಿಪೆಂಡೆಂಟ್ ಸೆಕ್ಸ್ ಡಿಟರ್ಮಿನೇಶನ್‌ಗೆ (ಗೂಡಿನ ಬಿಸಿಯಂತೆ ಮರಿ ಗಂಡೋ ಹೆಣ್ಣೋ ಆಗುವುದು) ‘ತಾಪಾಧಾರಿತ ಲಿಂಗನಿರ್ಣಯ’, ಪಿವೋಟಲ್ ಟೆಂಪರೇಚರ್‌ಗೆ ‘ನಿರ್ಣಾಯಕ ತಾಪಮಾನ’, ಫೆಮಿನೈಸೇಶನ್‌ಗೆ ‘ಹೆಣ್ಣೀಕರಣ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಮುಖ್ಯ ಸಾಲು ಹೀಗಿದೆ: “ಹವಾಮಾನ ಬದಲಾವಣೆಯಿಂದ ಮರಳು ಬಿಸಿಯಾಗಿ ಗಂಡುಮರಿಗಳು ಹೆಣ್ಣಾಗಿ ಪರಿವರ್ತನೆಗೊಳ್ಳುತ್ತಿವೆ.” ಓದುವವರು ಮೀನುಗಾರರು, ಶಾಲೆ ಮಕ್ಕಳು, ಪ್ರವಾಸಿಗರು.

ಉತ್ತರ (ಮೈಸೂರು)

‘ಲಿಂಗನಿರ್ಣಯ’ ಬೇಡವೇ ಬೇಡ. 1994ರ ಕಾಯ್ದೆ ಬಂದಮೇಲೆ ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯೆಲ್ಲ “ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ”. ಆಮೆಯ ಬೇಲಿಯ ಪಕ್ಕ ಅಂಥದೇ ಮಾತು ಕಂಡರೆ ಜನ ಏನೆಂದುಕೊಂಡಾರು? ಇನ್ನು ‘ಹೆಣ್ಣೀಕರಣ’: ಅಚ್ಚಗನ್ನಡದ ‘ಹೆಣ್ಣು’ವಿಗೆ ಸಂಸ್ಕೃತದ ‘ಈಕರಣ’. ಕನ್ನಡ-ಸಂಸ್ಕೃತ ಬೆರೆಸುವ ಅರಿಸಮಾಸ ಇದಕ್ಕಿಂತ ವಾಸಿ. ಬೇಕಿದ್ದರೆ ‘ಸ್ತ್ರೀಕರಣ’ ಎನ್ನಿ.

ಉತ್ತರ (ಬೆಂಗಳೂರು)

‘ಕನ್ನಡೀಕರಣ’ ಒಪ್ಪಿದವರಿಗೆ ‘ಹೆಣ್ಣೀಕರಣ’ ಯಾಕೆ ಚುಚ್ಚುತ್ತದೋ!

ಉತ್ತರ (ಕಾರವಾರ)

ಸಮಾಸ ಆಮೇಲೆ ನೋಡೋಣ. ಸಾಲೇ ತಪ್ಪು.

ಕಡಲಾಮೆಗೆ ನಮ್ಮ ಹಾಗೆ ಎಕ್ಸ್-ವೈ ವರ್ಣತಂತುಗಳಿಲ್ಲ. ಮೊಟ್ಟೆ ಇಟ್ಟ ದಿನ ಒಳಗಿರುವುದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ರಿಡ್ಲಿ ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಅದರ ನಡುವಿನ ಮೂರನೇ ಒಂದು ಪಾಲಿನಲ್ಲಿ ಗೂಡಿನೊಳಗೆ ಎಷ್ಟು ಬಿಸಿ ಇತ್ತೋ ಅದರಂತೆ ಅಂಡಾಶಯವೋ ವೃಷಣವೋ ಮೂಡುತ್ತದೆ. ಮೂಡಿದ ಮೇಲೆ ಬದಲಾಗುವುದಿಲ್ಲ. ಹೆಣ್ಣಾಗಿ ಮಾರ್ಪಡಲು ಅಲ್ಲಿ ಗಂಡೇ ಇಲ್ಲವಲ್ಲ! ಹಾಗೆ ಮಾರ್ಪಡುವುದು ಆಸ್ಟ್ರೇಲಿಯದ ಗಡ್ಡದ ಓತಿ: ವರ್ಣತಂತುವಿನ ಪ್ರಕಾರ ಗಂಡಾಗಬೇಕಾದ ಮರಿ, ಮೊಟ್ಟೆ 32 ಡಿಗ್ರಿ ಮೀರಿ ಕಾದರೆ ಹೆಣ್ಣಾಗಿ ಹೊರಬರುತ್ತದೆ, ದೊಡ್ಡದಾಗಿ ಮೊಟ್ಟೆಯನ್ನೂ ಇಡುತ್ತದೆ. ‘ಪರಿವರ್ತನೆ’ಯನ್ನು ಅದಕ್ಕೆ ಬಿಟ್ಟುಬಿಡಿ. ‘ಹೆಣ್ಣೀಕರಣ’, ‘ಸ್ತ್ರೀಕರಣ’ ಎರಡೂ ಇದೇ ಕಾರಣಕ್ಕೆ ಆಗದು. ಆಗುತ್ತಿರುವುದು ಇಷ್ಟೇ: ಹೆಣ್ಣುಮರಿಗಳೇ ಹೆಚ್ಚು ಹುಟ್ಟುತ್ತಿವೆ.

‘ನಿರ್ಣಾಯಕ ತಾಪಮಾನ’ ಎಂದರೆ ಅಪಾಯದ ಗೆರೆ ಎಂದು ಓದುತ್ತಾರೆ. ಅದು ಗಂಡು-ಹೆಣ್ಣು ಅರ್ಧಕ್ಕರ್ಧ ಹುಟ್ಟುವ ಬಿಸಿ, ಅಷ್ಟೇ. ರಿಡ್ಲಿಗೆ ಸುಮಾರು 29ರಿಂದ 31 ಡಿಗ್ರಿ, ಎಲ್ಲ ತೀರಗಳಲ್ಲೂ ಒಂದೇ ಅಲ್ಲ. ಬೋರ್ಡಿನಲ್ಲಿ ಒಂದೇ ಅಂಕಿ ಹಾಕಬೇಡಿ. ಅದಕ್ಕಿಂತ ತಂಪಿದ್ದರೆ ಗಂಡು ಹೆಚ್ಚು, ಬಿಸಿ ಇದ್ದರೆ ಹೆಣ್ಣು ಹೆಚ್ಚು. 34-35 ಡಿಗ್ರಿಯಲ್ಲೇ ಬಹಳ ದಿನ ನಿಂತರೆ ಮೊಟ್ಟೆಯೊಳಗೇ ಸಾಯುತ್ತವೆ. ಆ ಬಿಸಿಗೆ ಬೇರೆಯದೇ ಹೆಸರು ಬೇಕು.

ಇದು ಊಹೆಯ ಮಾತಲ್ಲ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರದ ತೀರಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಎಳೆಯವುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಹೆಣ್ಣು, ಬೆಳೆದವುಗಳಲ್ಲಿ ಸುಮಾರು 87. ದಕ್ಷಿಣದ ತಂಪು ತೀರಗಳಲ್ಲಿ ಹುಟ್ಟಿದವುಗಳಲ್ಲಿ 65ರಿಂದ 69. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ ಹೆಣ್ಣು ಸ್ವಲ್ಪ ಹೆಚ್ಚಿದ್ದರೆ ಸಂತತಿಗೆ ತೊಂದರೆಯಿಲ್ಲ. ಆದರೆ ಕಡಲಾಮೆ ಪ್ರಾಯಕ್ಕೆ ಬರಲು ಹತ್ತಾರು ವರ್ಷ ಬೇಕು. ಇಂದು ಗಂಡು ಹುಟ್ಟದೇ ಹೋದದ್ದು ಗೊತ್ತಾಗುವುದು ಆಗಲೇ.

ಉತ್ತರ (ಶಿವಮೊಗ್ಗ)

ತಾಪಮಾನ, ಉಷ್ಣಾಂಶ ಎಲ್ಲ ಸಕ್ಕದದಿಂದ (ಸಂಸ್ಕೃತದಿಂದ) ಕಡ ತಂದವು. ನಮ್ಮದೇ ‘ಕಾವು’ ಇದೆ. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಹೆಂಚಿನ ಕಾವೂ ಕಾವೇ. ಪಿವೋಟಲ್ ಟೆಂಪರೇಚರ್ = ‘ನಡುಗಾವು’. ಕೋಳಿಯ ಕಾವು ಬಂದದ್ದು ‘ಕಾಯ್’ ಎಂದರೆ ಕಾಪಾಡು ಎಂಬುದರಿಂದ ಇರಬೇಕು. ಕಾವು ಕೂರುವುದಕ್ಕೆ ತಮಿಳಿನಲ್ಲಿರುವ ‘ಅಡೈಕಾತ್ತಲ್’ ನೋಡಿ, ಅಲ್ಲಿರುವುದು ಕಾಪಿನ ‘ಕಾ’, ಬಿಸಿಯ ‘ಕಾಯ್’ ಅಲ್ಲ. ಒಂದೇ ಪದದಲ್ಲಿ ಬಿಸಿಯೂ ಬಂತು, ಕಾಪೂ ಬಂತು.

ಉತ್ತರ (ಮೈಸೂರು)

ತಮಿಳಿನಲ್ಲಿ ಅವು ಎರಡು ಬೇರೆ ಧಾತು ಎಂದು ತಾವೇ ತೋರಿಸಿ, ಕನ್ನಡದಲ್ಲಿ ಎರಡನ್ನೂ ಒಂದೇ ಮಡಕೆಗೆ ಸುರಿದಿರಿ. ಆದೇಶ ಸಂಧಿ ಸರಿಯಾಗಿದೆ, ಪದ ಸರಿಯಿಲ್ಲ. ‘ನಡುಗಾವು’ ಓದಿದ ಮಗು ಚಳಿಗೆ ನಡುಗುವುದು ಎಂದುಕೊಳ್ಳುತ್ತದೆ.

ಉತ್ತರ (ಬೆಂಗಳೂರು)

‘ಸಮಕಾವು’?

ಉತ್ತರ (ಮೈಸೂರು)

ಅರಿಸಮಾಸ.

ಉತ್ತರ (ಬೆಂಗಳೂರು)

‘ಹವಾಮಾನ’ದಲ್ಲಿ ‘ಹವಾ’ ಅರಬ್ಬಿ, ‘ಮಾನ’ ಸಂಸ್ಕೃತ. ಅದು ಬೋರ್ಡಿನ ಮೊದಲ ಪದ, ಯಾರೂ ಕೆಮ್ಮಲಿಲ್ಲ. ‘ಸಮಪಾಲು’ ಎಂದು ವಿಧಾನಸೌಧದಲ್ಲೂ ಅನ್ನುತ್ತಾರೆ, ಸಂತೆಯಲ್ಲೂ ಅನ್ನುತ್ತಾರೆ. ‘ಸಮಪಾಲಿನ ಕಾವು’ ಎಂದರೆ ಅರ್ಥ ಹೇಳಿಕೊಡುವ ಕೆಲಸವಿಲ್ಲ.

ಉತ್ತರ (ಶಿವಮೊಗ್ಗ)

‘ಸಮ’ ಯಾಕೆ? ‘ಸರಿಪಾಲು’ ಎನ್ನಿ. ಬೆರಕೆಗೆ ಬೆರಕೆಯೇ ಸಾಕ್ಷಿ ಎಂದರೆ ಕನ್ನಡದಲ್ಲಿ ಪದ ಕಟ್ಟುವುದೇ ಬೇಡ. ಮೊದಲು ಸಕ್ಕದ, ಈಗ ಇಂಗ್ಲಿಶ್, ನಾಳೆ ಮತ್ತೊಂದು.

ಉತ್ತರ (ಕಾರವಾರ)

ಸಮವೋ ಸರಿಯೋ, ‘ಪಾಲು’ ಇದ್ದರೆ ವಿಜ್ಞಾನ ಕೆಡುವುದಿಲ್ಲ. ‘ಹೆಣ್ಣುಕಾವು’ ಅಂತ ಮಾತ್ರ ಯಾರೂ ಶುರು ಮಾಡಬೇಡಿ. ನ್ಯೂಜಿಲೆಂಡಿನ ಟುವಾಟಾರ ಎಂಬ ಓತಿಯಂಥ ಸರೀಸೃಪದಲ್ಲಿ ಬಿಸಿ ಏರಿದರೆ ಗಂಡು ಹೆಚ್ಚು. ನಮ್ಮ ಕಾಳಿ ನದಿಯಲ್ಲೂ ಇರುವ ಮಗ್ಗರ್ ಮೊಸಳೆಗೆ 32.5 ಡಿಗ್ರಿ ಆಸುಪಾಸಿನಲ್ಲಿ ಗಂಡು, ಅದಕ್ಕಿಂತ ಕೆಳಗೂ ಮೇಲೂ ಹೆಣ್ಣು.

ಬೋರ್ಡಿನಲ್ಲಿ ಜಾಗ ಉಳಿದರೆ ಬೇಲಿ ಕಾಯುವವರಿಗೂ ನಾಲ್ಕು ಸಾಲು ಬರೆಯಿರಿ. ಬಿಸಿ ಅಳೆಯುವುದು ಗೂಡಿನ ಆಳದಲ್ಲಿ, ಸುಮಾರು 45 ಸೆಂಟಿಮೀಟರ್ ಕೆಳಗೆ; ಮೇಲಿನ ಹೊಯ್ಗೆಯ (ಮರಳಿನ) ಅಂಕಿಯಿಂದ ಪ್ರಯೋಜನವಿಲ್ಲ. ಗೂಡುಗಳ ನಡುವೆ ಒಂದು ಮೀಟರ್ ಬಿಡಬೇಕು, ಬೆಳೆಯುವ ಭ್ರೂಣಗಳೂ ಬಿಸಿ ಬಿಡುತ್ತವೆ. ನೆರಳಿಗೆ ತೆಂಗಿನ ಮಡಲು ಸಾಕು, ಆದರೆ ಎಲ್ಲ ಗೂಡಿಗೂ ದಟ್ಟವಾಗಿ ಮುಚ್ಚಿದರೆ ಗಂಡೇ ಗಂಡು. ನೀರು ಚಿಮುಕಿಸುವುದಾದರೆ ಮಿತವಾಗಿ. ಹೊಯ್ಗೆ ನೆನೆದು ಕೂತರೆ ಮೊಟ್ಟೆಗೆ ಗಾಳಿ ಸಿಗದು, ಬೂಸ್ಟು ಬರುತ್ತದೆ. ಮೊಟ್ಟೆ ಸ್ಥಳಾಂತರ ಇಟ್ಟ ಕೆಲವೇ ತಾಸಿನೊಳಗೆ ಆಗಬೇಕು, ಹೊರಳಿಸದೆ. ತಡವಾಗಿ ಹೊರಳಿಸಿದರೆ ಚಿಪ್ಪಿನ ಒಳಪೊರೆಗೆ ಅಂಟಿಕೊಂಡ ಭ್ರೂಣ ಕಿತ್ತು ಸಾಯುತ್ತದೆ.

ಕೇಳಿದವರಿಂದ (ಹೊನ್ನಾವರ)

ಎಲ್ಲರಿಗೂ ನಮಸ್ಕಾರ. ಪೇಂಟರ್‌ಗೆ ಹೋದ ಪಠ್ಯ:

“ಕಡಲಾಮೆಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಹೊಯ್ಗೆಯ ಕಾವಿನ ಮೇಲೆ ನಿಂತಿದೆ. ಎರಡೂ ಸಮನಾಗಿ ಹುಟ್ಟುವ ಬಿಸಿಗೆ ‘ಸಮಪಾಲಿನ ಕಾವು’ ಎನ್ನುತ್ತಾರೆ. ಹವಾಮಾನ ಬದಲಾಗಿ ಹೊಯ್ಗೆ ಇದಕ್ಕಿಂತ ಹೆಚ್ಚು ಕಾದರೆ ಹೆಣ್ಣುಮರಿಗಳೇ ಹೆಚ್ಚು ಹುಟ್ಟುತ್ತವೆ. ಇನ್ನೂ ಕಾದರೆ ಮೊಟ್ಟೆಯೊಳಗೇ ಸಾಯುತ್ತವೆ. ಬೇಲಿ ದಾಟಬೇಡಿ.”

ಕಾಯುವವರ ಸೂಚನೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಬೇಲಿಯ ಒಳಗಡೆ ಅಂಟಿಸುತ್ತೇವೆ.

ಉತ್ತರ (ಮೈಸೂರು)

‘ಎನ್ನುತ್ತಾರೆ’ ಅಂತೆ! ಯಾರು ಎನ್ನುತ್ತಾರೆ? ನಿನ್ನೆ ರಾತ್ರಿ ಇಲ್ಲಿ ಹುಟ್ಟಿದ ಪದ. ‘ಎನ್ನಬಹುದು’ ಎಂದು ತಿದ್ದಿಸಿ. ‘ಹವಾಮಾನ’ಕ್ಕೂ ‘ವಾಯುಗುಣ’ವೇ ಸರಿ, ಭೂಗೋಳದ ಪುಸ್ತಕದಲ್ಲಿ ಓದಿದವರಿಗೆ ಗೊತ್ತು.

ಉತ್ತರ (ಶಿವಮೊಗ್ಗ)

ವಾಯುವೂ ಗುಣವೂ ಎಲ್ಲಿಂದ ಬಂದವು, ಮೇಷ್ಟ್ರೇ?