ಪುಯೆಬ್ಲಾ ನಗರವನ್ನು ಬಯಲಿನಲ್ಲಿ ಕಟ್ಟಿದ್ದೇಕೆ?

ಪ್ರಶ್ನೆ:
ಮೆಕ್ಸಿಕೋದ ವಸಾಹತು ಕಾಲದ ನಗರಗಳ ಬಗ್ಗೆ ಓದುತ್ತಿದ್ದೇನೆ. ಸ್ಪೇನಿನವರು ಅಜ್ಟೆಕರ ರಾಜಧಾನಿ ತೆನೋಚ್ತಿತ್ಲಾನನ್ನು ಕೆಡವಿ ಅದರ ಮೇಲೆಯೇ ಮೆಕ್ಸಿಕೋ ನಗರವನ್ನು ಕಟ್ಟಿದರು. ಯುಕತಾನಿನ ರಾಜಧಾನಿ ಮೆರಿದಾ ಕೂಡ ಮಾಯಾ ಜನರ ಹಳೆಯ ಪಟ್ಟಣದ ಕಲ್ಲುಗಳಿಂದಲೇ ಎದ್ದಿತು. ಪುಯೆಬ್ಲಾ ರಾಜ್ಯದ ರಾಜಧಾನಿ ಪುಯೆಬ್ಲಾ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಮಹಾ ಪಿರಮಿಡ್ ಇರುವ ಚೊಲೂಲಾದಂತಹ ದೊಡ್ಡ ಪಟ್ಟಣ ಪಕ್ಕದಲ್ಲೇ ಇರುವಾಗ ಅದನ್ನು ಬಿಟ್ಟು ಬಯಲನ್ನು ಆರಿಸಿಕೊಂಡಿದ್ದೇಕೆ? ದೇವದೂತರು ಹಗ್ಗ ಹಿಡಿದು ಬೀದಿಗಳನ್ನು ಅಳೆದುಕೊಟ್ಟರೆಂಬ ಕಥೆ ಎಲ್ಲ ಕಡೆಯೂ ಸಿಗುತ್ತದೆ. ಲೌಕಿಕ ಕಾರಣ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಲೌಕಿಕ ಕಾರಣವೆಂದರೆ ಕೆಲಸವಿಲ್ಲದೆ ಅಲೆಯುತ್ತಿದ್ದ ಸ್ಪೇನಿಗರು. 1521ರಲ್ಲಿ ತೆನೋಚ್ತಿತ್ಲಾನ್ ಬಿದ್ದ ಮೇಲೆ ಗೆದ್ದವರಲ್ಲಿ ಕೆಲವರಿಗಷ್ಟೇ ಎನ್ಕೊಮಿಯೆಂದಾ, ಅಂದರೆ ಒಂದಿಷ್ಟು ಊರುಗಳಿಂದ ಕಪ್ಪವನ್ನೂ ಬಿಟ್ಟಿ ದುಡಿಮೆಯನ್ನೂ ಪಡೆಯುವ ಹಕ್ಕು, ದಕ್ಕಿತು. ಅದು ದಕ್ಕದವರು ಮತ್ತು ಆಮೇಲೆ ಹಡಗು ಹತ್ತಿ ಬಂದವರು ಸ್ಥಳೀಯರ ಊರುಗಳಲ್ಲಿ ಸುತ್ತುತ್ತ, ಸಿಕ್ಕಿದ್ದನ್ನು ದೋಚುತ್ತ ಇದ್ದರು. ಇಂಥವರಿಗೆ ನೆಲ ಕೊಟ್ಟು, ತಮ್ಮ ಕೈಯಾರೆ ಗೋಧಿ ಬೆಳೆದು ಬದುಕುವಂತೆ ಮಾಡಬೇಕೆಂಬುದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಹಾಗೂ ರಾಜನ ಪರವಾಗಿ ಆಳುತ್ತಿದ್ದ ಮಂಡಳಿಯ ಯೋಜನೆ. ಸ್ಥಳೀಯರ ಪಟ್ಟಣದೊಳಗೇ ಅವರನ್ನು ಕೂರಿಸಿದ್ದರೆ ಯೋಜನೆಯ ಉದ್ದೇಶವೇ ಕೆಡುತ್ತಿತ್ತು. ಚೊಲೂಲಾವನ್ನು ಬಿಟ್ಟದ್ದು ಇದಕ್ಕೇ. ವೆರಾಕ್ರೂಸ್ ಬಂದರಿನಿಂದ ಮೆಕ್ಸಿಕೋ ನಗರಕ್ಕೆ ಹೋಗುವವರಿಗೆ ನಡುದಾರಿಯಲ್ಲಿ ಒಂದು ತಂಗುದಾಣವೂ ಬೇಕಾಗಿತ್ತು.

1531ರ ಏಪ್ರಿಲ್ 16ರಂದು ಸಾನ್ ಫ್ರಾನ್ಸಿಸ್ಕೋ ನದಿಯ ಪೂರ್ವ ದಡದಲ್ಲಿ ಊರು ಶುರುವಾಯಿತು. ಮಳೆಗಾಲ ಬಂದದ್ದೇ ತಡ, ನೆಲವೆಲ್ಲ ನೀರು ನಿಂತು ಕೆಸರಾಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಪಶ್ಚಿಮ ದಡದಲ್ಲಿ ಎರಡನೆಯ ಬಾರಿ ಸ್ಥಾಪನೆ ಮಾಡಬೇಕಾಯಿತು. ನನ್ನ ಅಭಿಪ್ರಾಯ ಹೇಳುವುದಾದರೆ, ಯೋಜನೆ ಮೊದಲ ದಿನವೇ ಕೈಕೊಟ್ಟಿತ್ತು. ಸ್ಪೇನಿಗರು ಸ್ವಂತ ದುಡಿಮೆಯಿಂದ ಬದುಕಬೇಕಾಗಿದ್ದ ಆ ಊರಿನ ಮನೆಗಳನ್ನು ಕಟ್ಟಿಕೊಟ್ಟವರೇ ತ್ಲಾಶ್ಕಾಲಾ, ಚೊಲೂಲಾ ಮೊದಲಾದ ಕಡೆಗಳಿಂದ ಬಂದ ಸಾವಿರಾರು ಸ್ಥಳೀಯ ಆಳುಗಳು.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ನದಿಯ ಮಾತನ್ನು ಸೇರಿಸುತ್ತೇನೆ, ಏಕೆಂದರೆ ಊರಿನ ಚರಿತ್ರೆಯ ಅರ್ಧ ಅಲ್ಲಿದೆ. ಪಶ್ಚಿಮಕ್ಕೆ ಚೌಕ, ಕೆಥೀಡ್ರಲ್, ಚದುರಂಗದ ಹಾಸಿನಂತೆ ನೇರ ಬೀದಿಗಳು, ಸ್ಪೇನಿಗರ ಮನೆಗಳು; ಸಾನ್ ಫ್ರಾನ್ಸಿಸ್ಕೋ ನದಿಯ ಆಚೆಗೆ ಕೆಲಸಕ್ಕೆ ಬಂದು ನೆಲೆ ನಿಂತವರ ಕೇರಿಗಳು. ಅವುಗಳಲ್ಲೊಂದರ ಹೆಸರು ಅನಾಲ್ಕೋ, ನಾವಾತ್ಲ್ ಭಾಷೆಯಲ್ಲಿ 'ಹೊಳೆಯಾಚೆ' ಎಂದೇ ಅರ್ಥ. 1960ರ ದಶಕದಲ್ಲಿ ನದಿಯನ್ನು ಕೊಳವೆಗೆ ಸೇರಿಸಿ ಮೇಲೆ ಅಗಲವಾದ ಹೆದ್ದಾರಿ ಹಾಕಿದರು. ಈಗ ನಗರದ ಹಳೆಯ ಎಲ್ಲೆಯನ್ನು ದಾಟಬೇಕಾದರೆ ಸಿಗ್ನಲ್‌ನಲ್ಲಿ ನಿಂತು, ಕಾರುಗಳು ನಿಂತ ಮೇಲೆ ರಸ್ತೆ ದಾಟಿದರೆ ಸಾಕು. ಕಾಲಡಿಯಲ್ಲಿ ಹೊಳೆಯಿದೆ ಎಂಬುದು ಹೊಸಬರಿಗೆ ಹೊಳೆಯುವುದೂ ಇಲ್ಲ.

ದೇವದೂತರ ವಿಷಯಕ್ಕೆ ಬಂದರೆ, ಬಿಷಪ್ ಹೂಲಿಯಾನ್ ಗಾರ್ಸೆಸ್ ಅವರಿಗೆ ಕನಸು ಬಿತ್ತೆಂಬ ಕಥೆಯನ್ನು ಬೆಳೆಸಿದವರು ನಂತರದ ಕಾಲದವರು. ಹೆಸರು ಮಾತ್ರ ಹಳೆಯದು: 1532ರ ರಾಜಾಜ್ಞೆಯೇ ಊರನ್ನು 'ದೇವದೂತರ ನಗರ' ಎಂದು ಕರೆದಿದೆ. 1538ರಲ್ಲಿ ದೊರೆತ ಲಾಂಛನದಲ್ಲಿ ಐದು ಗೋಪುರಗಳ ಕೋಟೆಯನ್ನು ಇಬ್ಬರು ದೇವದೂತರು ಹಿಡಿದಿದ್ದಾರೆ. ಪಕ್ಕದ ಎರಡು ಅಕ್ಷರಗಳು ಐದನೆಯ ಕಾರ್ಲೋಸ್ ದೊರೆಯವು. ಈಗಿನ ಅಧಿಕೃತ ಹೆಸರಿನಲ್ಲಿರುವುದು ದೇವದೂತರಲ್ಲ, ಸೇನಾಪತಿ: 1862ರ ಮೇ 5ರಂದು ಲೊರೇತೋ ಮತ್ತು ಗ್ವಾದಲೂಪೆ ಕೋಟೆಗಳ ಗುಡ್ಡದಲ್ಲಿ ಫ್ರೆಂಚರನ್ನು ಹಿಮ್ಮೆಟ್ಟಿಸಿದ ಇಗ್ನಾಸಿಯೋ ಸರಗೋಸಾ ಅವರ ನೆನಪಿಗೆ 'ಪುಯೆಬ್ಲಾ ದೆ ಸರಗೋಸಾ' ಎಂದಾಯಿತು. ಆ ದಿನವನ್ನು ಸ್ವಾತಂತ್ರ್ಯ ದಿನವೆಂದು ತಿಳಿದವರು ಬಹಳ ಮಂದಿ. ಮೆಕ್ಸಿಕೋದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಮರುವರ್ಷವೇ ಫ್ರೆಂಚರು ಎರಡು ತಿಂಗಳು ಮುತ್ತಿಗೆ ಹಾಕಿ ಊರನ್ನು ಹಿಡಿದರೆಂಬುದನ್ನೂ ಮರೆಯಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ. ಜರಿಯ ಲಂಗ, ಕಸೂತಿಯ ಕುಪ್ಪಸದ 'ಚೀನಾ ಪೊಬ್ಲಾನಾ' ಉಡುಗೆಯನ್ನು ಪುಯೆಬ್ಲಾಕ್ಕೆ ತಂದವಳು ಭಾರತದ ಒಬ್ಬ ರಾಜಕುಮಾರಿ ಎಂದು ಓದಿದೆ. ಇದನ್ನು ನಂಬಬಹುದೇ?

ಉತ್ತರ 3:
ಭಾರತ ನಿಜ, ರಾಜಕುಮಾರಿ ಅನುಮಾನ, ಉಡುಗೆ ಸುಳ್ಳು. ಮೊಘಲರ ಕಾಲದ ಭಾರತದಲ್ಲಿ ಹುಟ್ಟಿದ ಮಿರ್ರಾ ಎಂಬ ಹುಡುಗಿಯನ್ನು ಪೋರ್ಚುಗೀಸ್ ಕಡಲ್ಗಳ್ಳರು ಅಪಹರಿಸಿ ಕೊಚ್ಚಿಗೆ ತಂದರು. ಅಲ್ಲಿ ದೀಕ್ಷಾಸ್ನಾನವಾಗಿ ಕತರೀನಾ ಎಂಬ ಹೆಸರು ಬಂತು. ಮನಿಲಾದಲ್ಲಿ ಗುಲಾಮಳಾಗಿ ಮಾರಾಟವಾದ ಈಕೆ ಸುಮಾರು 1620ರ ಹೊತ್ತಿಗೆ ಹಡಗಿನಲ್ಲಿ ಅಕಪುಲ್ಕೋ ಸೇರಿ, ಅಲ್ಲಿಂದ ಪುಯೆಬ್ಲಾದ ಮಿಗೆಲ್ ದೆ ಸೋಸಾ ಎಂಬ ವ್ಯಾಪಾರಿಯ ಮನೆಗೆ ಬಂದಳು. ಮನಿಲಾದ ಹಡಗಿನಲ್ಲಿ ಬಂದವರನ್ನೆಲ್ಲ, ಊರು ಯಾವುದೇ ಇರಲಿ, 'ಚೀನೋ' ಎನ್ನುವುದು ಅಲ್ಲಿನ ವಾಡಿಕೆಯಾಗಿತ್ತು.

ರಾಜವಂಶದ ಮಾತು ಆಕೆಯ ಪಾಪನಿವೇದನೆ ಕೇಳುತ್ತಿದ್ದ ಜೆಸ್ಯೂಟ್ ಪಂಥದ ಪಾದ್ರಿ ಅಲೊನ್ಸೋ ರಾಮೋಸ್ ಬರೆದ ಮೂರು ಸಂಪುಟಗಳ ಚರಿತ್ರೆಯಿಂದ ಹರಡಿದ್ದು. ಸಂತಳಂತೆ ಬಾಳಿದವಳೆಂದು ಹೆಸರಾಗಿದ್ದ ಕತರೀನಾ 1688ರ ಜನವರಿ 5ರಂದು ತೀರಿಕೊಂಡಾಗ ಊರಿನ ಗಣ್ಯರೆಲ್ಲ ಶವಸಂಸ್ಕಾರಕ್ಕೆ ನೆರೆದರು. ಕೆಲವೇ ವರ್ಷಗಳಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮವಿರೋಧಿ ವಿಚಾರಗಳನ್ನು ವಿಚಾರಣೆಗೆ ಒಳಪಡಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿ, ರಾಮೋಸರ ಪುಸ್ತಕವನ್ನೇ ನಿಷೇಧಿಸಿತು. ನೀವು ಹೇಳಿದ ಉಡುಗೆ ಜನಪ್ರಿಯವಾದದ್ದು 19ನೆಯ ಶತಮಾನದಲ್ಲಿ. 'ಚೀನಾ' ಎಂಬ ಪದವೊಂದೇ ಎರಡನ್ನೂ ಗಂಟುಹಾಕಿದೆ. ಅದೇ ಜೆಸ್ಯೂಟರ ಬರಹಗಳ ಪ್ರಕಾರ ಆಕೆ ಬದುಕಿಡೀ ಉಟ್ಟಿದ್ದು ಅಲಂಕಾರವಿಲ್ಲದ ಒರಟು ಬಟ್ಟೆ.