ಬೆಳ್ಳಿ ನ್ಯಾನೋವೈರ್ ಫಿಲ್ಮ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ, ಏನು ಮಾಡಲಿ?

ಧಾರವಾಡದ ವಿದ್ಯಾರ್ಥಿನಿ:
ಎಂ.ಎಸ್ಸಿ. ಫಿಸಿಕ್ಸ್ ಪ್ರಾಜೆಕ್ಟ್. ಪಾರದರ್ಶಕ ಎಲೆಕ್ಟ್ರೋಡ್‌ಗೆ ಎಲ್ಲರೂ ಬಳಸುವ ಐಟಿಓ (ಇಂಡಿಯಂ ಟಿನ್ ಆಕ್ಸೈಡ್) ಬಗ್ಗಿಸಿದರೆ ಬಿರುಕು ಬಿಡುತ್ತದೆ, ಅದಕ್ಕೇ ಬೆಳ್ಳಿ ನ್ಯಾನೋವೈರ್‌ನಿಂದ, ಅಂದರೆ ಅತಿ ತೆಳುವಾದ ಬೆಳ್ಳಿ ಎಳೆಗಳಿಂದ, ಅದನ್ನು ಮಾಡುತ್ತಿದ್ದೇನೆ. ಎಥಿಲೀನ್ ಗ್ಲೈಕಾಲ್‌ನಲ್ಲಿ ಸಿಲ್ವರ್ ನೈಟ್ರೇಟ್, ಪಿವಿಪಿ ಎಂಬ ಪಾಲಿಮರ್ ಹಾಕಿ 160 ಡಿಗ್ರಿಯಲ್ಲಿ ಬೆಳೆಸಿದೆ. ಮೈಕ್ರೋಸ್ಕೋಪ್‌ನಲ್ಲಿ ಉದ್ದುದ್ದ ಎಳೆಗಳು ಚೆನ್ನಾಗಿ ಕಾಣುತ್ತಿವೆ. ಪೆಟ್ ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ ಒಣಗಿಸಿದರೆ ಮೀಟರ್ ಮೆಗಾಓಮ್ ತೋರಿಸುತ್ತದೆ! ವೈರ್ ಇನ್ನೂ ಜಾಸ್ತಿ ಹಾಕಲಾ? ಹಾಕಿದರೆ ಫಿಲ್ಮ್ ಮಬ್ಬಾಗುತ್ತೆ ಅಲ್ವಾ?

ಹಳೇ ಲ್ಯಾಬ್‌ನವನು:
ಜಾಸ್ತಿ ಹಾಕಬೇಡಿ ಮೇಡಂ. ನನ್ನ ಪಿಎಚ್‌ಡಿ ಪೂರ್ತಿ ಈ ಎಳೆಗಳ ಜೊತೆಗೇ ಕಳೆಯಿತು, ನೀವು ಹೇಳುತ್ತಿರುವುದು ಚೆನ್ನಾಗಿ ಗೊತ್ತು. ಎಳೆಗೆ ಎಳೆ ಮುಟ್ಟುವ ಜಾಗ ನೋಡಿ. ಬೆಳೆಯುವಾಗ ಪಿವಿಪಿ ಎಳೆಯ ಪಕ್ಕಕ್ಕೆ ಅಂಟಿಕೊಂಡು ಅದು ದಪ್ಪಗಾಗದೆ ಉದ್ದವಾಗುವಂತೆ ಮಾಡುತ್ತದೆ. ಕೆಲಸ ಮುಗಿದ ಮೇಲೂ ಅಲ್ಲೇ ಇರುತ್ತದೆ. ಕೆಲವೇ ನ್ಯಾನೋಮೀಟರ್ ಪೊರೆ, ಆದರೆ ಕರೆಂಟ್ ತಡೆಯಲು ಅಷ್ಟು ಸಾಕು.

ಮೊದಲು ತೊಳೆಯಿರಿ. ಅಸಿಟೋನ್ ಹಾಕಿದರೆ ವೈರ್ ಕೆಳಗೆ ಕೂರುತ್ತದೆ. ಮೇಲಿನ ದ್ರವ ತೆಗೆದು ಎಥನಾಲ್‌ನಲ್ಲಿ ಮತ್ತೆ ಕದಡಿ. ಸೆಂಟ್ರಿಫ್ಯೂಜ್ ನಿಧಾನಕ್ಕೆ ತಿರುಗಲಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಸಾನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ದ್ರವ ಕದಡುವ ಯಂತ್ರ) ತುಂಬಾ ಹೊತ್ತು ಇಡಲೇಬೇಡಿ, ಎಳೆ ತುಂಡಾಗುತ್ತದೆ. ಎಳೆ ಉದ್ದ ಇದ್ದಷ್ಟೂ ಕಡಿಮೆ ಬೆಳ್ಳಿಯಲ್ಲೇ ಆ ತುದಿಯಿಂದ ಈ ತುದಿಗೆ ದಾರಿ ಸಿಗುತ್ತದೆ. ಆ ಉದ್ದವನ್ನು ಜೋಪಾನ ಮಾಡಿ.

ಆಮೇಲೆ, ಎಳೆಗಳು ಮುಟ್ಟುವ ಜಾಗದಲ್ಲಿ ಬೆಸೆಯಲು, ಕಾಯಿಸಿ. ಗಾಜಾದರೆ 200 ಡಿಗ್ರಿ ಹತ್ತಿರ ಹೋಗಬಹುದು, ಪೆಟ್ ಸೊಟ್ಟಗಾಗುತ್ತದೆ. ಅದನ್ನು 100-120ರಲ್ಲಿಟ್ಟು, ತಣ್ಣಗಾದ ಮೇಲೆ ಎರಡು ನಯವಾದ ಗಾಜಿನ ನಡುವೆ ಒತ್ತಿ. ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ ಅಂತ ಧೈರ್ಯ ಮಾಡಬೇಡಿ. ಇಷ್ಟು ತೆಳು ಎಳೆ ಅದಕ್ಕಿಂತ ಎಷ್ಟೋ ಕೆಳಗೇ ಮಣಿಮಣಿಯಾಗಿ ಒಡೆಯುತ್ತದೆ.

ಇನ್ನೊಂದು ಮಾತು. ಮೀಟರ್ ಕಡ್ಡಿ ಸುಮ್ನೆ ಚುಚ್ಚಿ ಅಳೆಯಬೇಡಿ. ಎರಡು ಅಂಚಿಗೆ ಸಿಲ್ವರ್ ಪೇಸ್ಟ್ ಹಚ್ಚಿ, ನಡುವೆ ಚೌಕ ಬಿಟ್ಟು ಅಳೆಯಿರಿ. ಟಚ್ ಸ್ಕ್ರೀನ್‌ಗೆ ಚೌಕಕ್ಕೆ 100 ಓಮ್ ಬಂದರೂ ನಡೆಯುತ್ತದೆ. ಸೋಲಾರ್ ಸೆಲ್‌ಗೆ 10ರ ಆಸುಪಾಸು ಬೇಕು.

ಜಕ್ಕೂರು ಕಡೆಯವಳು:
ಎಳೆಗೆ ಎಳೆ ಮುಟ್ಟುವ ಜಂಕ್ಷನ್ನೇ ಇಲ್ಲದ ದಾರಿಯೂ ಇದೆ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಅವರ ತಂಡ ಮಾಡಿದ್ದು. ಅಕ್ರಿಲಿಕ್ ಕಣಗಳ ದ್ರವ ಬಳಿದು ಒಣಗಲು ಬಿಟ್ಟರೆ, ಬತ್ತಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತದೆ. ಮೇಲೆ ಲೋಹ ಕೂರಿಸಿ ಪದರ ತೆಗೆದರೆ ಬಿರುಕಿನಲ್ಲಿ ಇಳಿದ ಲೋಹದ ಬಲೆ ಮಾತ್ರ ಉಳಿಯುತ್ತದೆ. ಎಲ್ಲ ಒಂದೇ ತುಂಡು. ನಿಮ್ಮಲ್ಲಿ ವ್ಯಾಕ್ಯೂಮ್ ಕೋಟಿಂಗ್ ಯಂತ್ರ ಇದ್ದರೆ ಖಂಡಿತ ಮಾಡಿ ನೋಡಿ.

ಧಾರವಾಡದ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದ. ಯಂತ್ರ ಇಲ್ಲ, ತೊಳೆದು ಗಾಜಿನ ಮೇಲೆ ಶುರು ಮಾಡ್ತೀನಿ. ಸರ್, ಮಾಡಿದ ಫಿಲ್ಮ್ ಬಾಳುತ್ತಾ?

ಹಳೇ ಲ್ಯಾಬ್‌ನವನು:
ಬಿಚ್ಚಿಟ್ಟರೆ ಇಲ್ಲ. ಗಾಳಿಯ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ, ತೆಳು ಎಳೆಗೆ ಅದು ಬೇಗ. ಝಿಂಕ್ ಆಕ್ಸೈಡ್‌ನ ತೆಳು ಪದರ ಕೊಡಿ. ಪೆಡಾಟ್ (ಕರೆಂಟ್ ಹರಿಯುವ ಪಾಲಿಮರ್) ಸಿಕ್ಕರೆ ನೋಡಿಕೊಂಡು ಬಳಸಿ, ಅದರಲ್ಲಿ ಆಮ್ಲದ ಗುಣ ಇದೆ. ಪದರ ಕೊಡುವ ಮುಂಚೆ ಅಂಚಿಗೆ ಪೇಸ್ಟ್ ಹಚ್ಚಿಬಿಡಿ.